ಜ್ವರ ಇಳಿದ ಮೂರು ತಿಂಗಳಿಗೆ ಮತ್ತೊಮ್ಮೆ ಮನೆ ಬಾಗಿಲಿಗೆ ಬನ್ನಿ

ಸಂಪಾದಕರಿಗೆ,

ಮಾನ್ಯರೇ,

ಮಳೆಗಾಲ ಹಿಡಿದಾಗಿನಿಂದ ತಮ್ಮ ಪತ್ರಿಕೆಯ ಬಾಗಲಕೋಟೆ ಮತ್ತು ವಿಜಯಪುರ ಜಿಲ್ಲೆಗಳ ಪುಟದಲ್ಲಿ ಡೆಂಗಿ, ಚಿಕೂನ್‌ಗುನ್ಯ ಪ್ರಕರಣಗಳ ಲೆಕ್ಕ ತಪ್ಪದೆ ಬರುತ್ತಿದೆ. ಪರೀಕ್ಷೆಗೆ ಹೋದ ರಕ್ತದ ಮಾದರಿಗಳೆಷ್ಟು, ಖಚಿತವಾದ ಪ್ರಕರಣಗಳೆಷ್ಟು, ಗುಣಮುಖರಾದವರೆಷ್ಟು ಎಂಬ ಮೂರು ಅಂಕಿಗಳಲ್ಲಿ ಮೊದಲಿನ ಎರಡರ ಬಗ್ಗೆ ನನ್ನ ತಕರಾರಿಲ್ಲ. ಮೂರನೆಯದರ ಬಗ್ಗೆ ಇದೆ. ಜ್ವರ ಇಳಿದು, ಪ್ಲೇಟ್‌ಲೆಟ್ ಏರಿ, ಆಸ್ಪತ್ರೆಯಿಂದ ಮನೆಗೆ ಹೋದವರನ್ನೆಲ್ಲ ಆ ಕಲಮಿಗೆ ಸೇರಿಸಿ ಅಲ್ಲಿಗೆ ಕಡತ ಮುಚ್ಚಲಾಗುತ್ತದೆ. ಹೀಗೆ ಮನೆಗೆ ಹೋದವರು ಮತ್ತೆ ಹೊಲಕ್ಕೆ, ಮಗ್ಗಕ್ಕೆ, ಶಾಲೆಗೆ ಹೋದರೋ ಇಲ್ಲವೋ ಎಂದು ಕೇಳುವ ಕಲಮು ನಾನು ಕಂಡ ಯಾವ ನಮೂನೆಯಲ್ಲೂ ಇರಲಿಲ್ಲ. ವೈರಾಣು ಸೋಂಕುಗಳಲ್ಲಿ ಹಲವು ತಿಂಗಳುಗಟ್ಟಲೆ, ಕೆಲವು ವರ್ಷಗಟ್ಟಲೆ ಮೈಯಲ್ಲಿ ತೊಂದರೆ ಉಳಿಸಿ ಹೋಗುತ್ತವೆ ಎಂಬುದು ಈಗ ವೈದ್ಯಶಾಸ್ತ್ರದಲ್ಲಿ ಚರ್ಚೆಯ ವಿಷಯವಾಗಿ ಉಳಿದಿಲ್ಲ. ಆದರೆ ಅದನ್ನು ಗುರುತಿಸಿ ದಾಖಲಿಸುವ ವ್ಯವಸ್ಥೆ ನಮ್ಮ ಭಾಗದ ಹಳ್ಳಿಗಳಿಗೆ ಇನ್ನೂ ಬಂದಿಲ್ಲವೆಂಬುದನ್ನು ತಮ್ಮ ಪತ್ರಿಕೆಯ ಮೂಲಕ ಜಿಲ್ಲಾ ಆರೋಗ್ಯಾಧಿಕಾರಿಗಳ ಗಮನಕ್ಕೆ ತರಲು, ಜ್ವರ ಇಳಿದ ಮೂರು ತಿಂಗಳಿಗೆ ಆ ಮನೆಗಳಿಗೆ ಮತ್ತೊಮ್ಮೆ ಭೇಟಿ ಕೊಡಿಸಿ, ತೊಂದರೆ ಉಳಿದವರನ್ನು ನೋಡಲು ಆಸ್ಪತ್ರೆಯಲ್ಲಿ ಪ್ರತ್ಯೇಕ ಸಮಯ ಇಡಬೇಕೆಂದು ಕೇಳಲು ಈ ಪತ್ರ ಬರೆಯುತ್ತಿದ್ದೇನೆ.

ಆರೋಗ್ಯ ಇಲಾಖೆಯಲ್ಲಿ ಆರೋಗ್ಯ ಸಹಾಯಕನಾಗಿ ಸೇವೆಗೆ ಸೇರಿ ನಿವೃತ್ತನಾದ ನಾನು ಇಂಥ ನಮೂನೆಗಳನ್ನು ತುಂಬಿಯೇ ನೌಕರಿ ಮುಗಿಸಿದವನು. 2006ರ ಚಿಕೂನ್‌ಗುನ್ಯ ಹಾವಳಿ ನನ್ನ ತಲೆಮಾರಿನ ಎಲ್ಲ ಆರೋಗ್ಯ ಸಿಬ್ಬಂದಿಗೂ ನೆನಪಿರುತ್ತದೆ. ನಮ್ಮ ನೆರೆಯ ಸೊಲ್ಲಾಪುರ ಜಿಲ್ಲೆಯ ಬಾರ್ಶಿಯಲ್ಲಿ 1973ರಲ್ಲಿ ಕಾಣಿಸಿಕೊಂಡು ಹೋದ ಈ ರೋಗ ಮೂರು ದಶಕಗಳ ನಂತರ 2005ರ ಕೊನೆಯಲ್ಲಿ ದೇಶಕ್ಕೆ ಮರಳಿತು. ಮರುವರ್ಷ ದೇಶದಾದ್ಯಂತ ವರದಿಯಾದ ಸುಮಾರು 14 ಲಕ್ಷ ಶಂಕಿತ ಪ್ರಕರಣಗಳಲ್ಲಿ ಅರ್ಧಕ್ಕೂ ಹೆಚ್ಚು, ಅಂದರೆ ಏಳೂವರೆ ಲಕ್ಷದಷ್ಟು, ಕರ್ನಾಟಕದವೇ ಆಗಿದ್ದವು. ಕಲಬುರಗಿ, ಬೀದರ್, ರಾಯಚೂರು, ಬಳ್ಳಾರಿಗಳ ಜೊತೆ ಅಂದಿನ ಬಿಜಾಪುರ ಜಿಲ್ಲೆಯೂ ಹೆಚ್ಚು ಬಾಧಿತವಾದ ಜಿಲ್ಲೆಗಳ ಪಟ್ಟಿಯಲ್ಲಿತ್ತು. ಇಡೀ ಓಣಿಗಳೇ ಹಾಸಿಗೆ ಹಿಡಿದಿದ್ದವು; ಬೆನ್ನು ನೆಟ್ಟಗೆ ಮಾಡಲಾಗದೆ, ಗೋಡೆ ಹಿಡಿದು ಬಚ್ಚಲಿಗೆ ಹೋಗುವ ಗಟ್ಟಿಮುಟ್ಟಾದ ಯುವಕರನ್ನು ಪ್ರತಿ ಮನೆಯಲ್ಲೂ ಕಾಣಬಹುದಿತ್ತು. ನಾವು ಮನೆಮನೆಗೆ ಹೋಗಿ ಜ್ವರದವರನ್ನು ಎಣಿಸಿದೆವು, ನೀರಿನ ತೊಟ್ಟಿಗಳಿಗೆ ಸೊಳ್ಳೆಮರಿ ಕೊಲ್ಲುವ ಅಬೇಟ್ ಔಷಧ ಹಾಕಿದೆವು, ಹೊಗೆ ಬಿಟ್ಟೆವು. ಚಳಿಗಾಲದ ಹೊತ್ತಿಗೆ ಹೊಸ ಜ್ವರಗಳು ನಿಂತವು, ಸಮೀಕ್ಷೆಯೂ ನಿಂತಿತು. ಆಮೇಲೆ ಊರಿಗೆ ಬೇರೆ ಕೆಲಸಕ್ಕೆ ಹೋದಾಗಲೆಲ್ಲ ಜನ ಹೇಳುತ್ತಿದ್ದುದು ಒಂದೇ ಮಾತು: "ಜ್ವರ ಹೋತ್ರೀ ಸರ, ಬ್ಯಾನಿ ಹೋಗವಲ್ದು." ಈ ಮಾತನ್ನು ಬರೆದುಕೊಳ್ಳಲು ಇಲಾಖೆ ಕೊಟ್ಟ ಪುಸ್ತಕದಲ್ಲಿ ಜಾಗವಿರಲಿಲ್ಲ. ಸಾಯಿಸುವ ರೋಗವಲ್ಲವಾದ್ದರಿಂದ ಮೇಲಿನವರೂ ಕೇಳಲಿಲ್ಲ.

ಅದೇ ಕಾಲಕ್ಕೆ ಹಿಂದೂ ಮಹಾಸಾಗರದ ರಿಯೂನಿಯನ್ ಎಂಬ ಪುಟ್ಟ ಫ್ರೆಂಚ್ ದ್ವೀಪದಲ್ಲೂ ಇದೇ ವೈರಾಣು ಹರಡಿ, ಅಲ್ಲಿನ ಜನಸಂಖ್ಯೆಯ ಮೂರನೆಯ ಒಂದು ಭಾಗಕ್ಕೆ ಸೋಂಕು ತಗುಲಿತ್ತು. ಅಲ್ಲಿಯ ವೈದ್ಯರು ರೋಗಿಗಳ ಬೆನ್ನು ಬಿಡಲಿಲ್ಲ. ವರ್ಷ ಕಳೆದ ಮೇಲೆ, ಮತ್ತೆ ಎರಡು ಮೂರು ವರ್ಷಗಳಾದ ಮೇಲೆ ಅವರನ್ನೇ ಹುಡುಕಿ ಹೋಗಿ ವಿಚಾರಿಸಿದರು. ಹಾಗೆ ವಿಚಾರಿಸಿದವರಲ್ಲಿ ಅರ್ಧಕ್ಕೂ ಹೆಚ್ಚು ಜನರಿಗೆ 15 ತಿಂಗಳ ನಂತರವೂ ಕೀಲುನೋವು ಉಳಿದಿದ್ದುದು ಕಂಡುಬಂತು. ಮೊದಲ ಮೂರು ವಾರಗಳದ್ದು ತೀವ್ರ ಹಂತ, ಅಲ್ಲಿಂದ ಮೂರು ತಿಂಗಳವರೆಗೆ ಮಧ್ಯದ ಹಂತ, ಮೂರು ತಿಂಗಳು ದಾಟಿದರೆ ದೀರ್ಘಕಾಲಿಕ ಹಂತ ಎಂದು ಇಂದು ವೈದ್ಯರು ಚಿಕೂನ್‌ಗುನ್ಯವನ್ನು ವಿಂಗಡಿಸುವುದಕ್ಕೆ ಇಂಥ ಬೆಂಬಿಡದ ವಿಚಾರಣೆಗಳೇ ಆಧಾರ. ನಲವತ್ತೈದು ದಾಟಿದವರಿಗೆ, ಮೊದಲೇ ಸಂಧಿವಾತವಿದ್ದವರಿಗೆ, ಆರಂಭದಲ್ಲೇ ಅತಿಯಾಗಿ ನೋವು ತಿಂದವರಿಗೆ ಅದು ಉಳಿಯುವ ಸಂಭವ ಹೆಚ್ಚು ಎಂಬುದೂ ಹೀಗೆಯೇ ತಿಳಿದದ್ದು. ಏಳೂವರೆ ಲಕ್ಷ ರೋಗಿಗಳಿದ್ದ ನಮ್ಮ ರಾಜ್ಯದಲ್ಲಿ ತಾಲ್ಲೂಕಿಗೆ ನೂರು ಜನರನ್ನಾದರೂ ಹೀಗೆ ಹಿಂಬಾಲಿಸಿದ್ದರೆ ಇವತ್ತು ನಮ್ಮದೇ ಮಣ್ಣಿನ ಲೆಕ್ಕ ನಮ್ಮ ಕೈಯಲ್ಲಿರುತ್ತಿತ್ತು.

ಈ ನೋವು ಬರುವುದು ಎಲ್ಲಿ? ಮಣಿಕಟ್ಟು, ಬೆರಳಗಂಟು, ಮೊಣಕಾಲು, ಹರಡು (ಪಾದದ ಕೀಲು). ಬೆಳಗ್ಗೆ ಎದ್ದಾಗ ಮುಷ್ಟಿ ಕಟ್ಟಲಾಗದಷ್ಟು ಬಿಗಿತ, ಬಿಸಿಲೇರಿದಂತೆ ಸ್ವಲ್ಪ ಸಡಿಲ, ಚಳಿಗೆ ಮತ್ತೆ ಬಿಗಿತ. ಪಟ್ಟಣದಲ್ಲಿ ಕುರ್ಚಿಯ ಮೇಲೆ ಕುಳಿತು ದುಡಿಯುವವರು ಇದನ್ನು ಹೇಗೋ ಸಹಿಸಿಯಾರು. ಆದರೆ ನಮ್ಮ ಗುಳೇದಗುಡ್ಡ, ಇಳಕಲ್ಲ, ರಬಕವಿ-ಬನಹಟ್ಟಿಗಳ ನೇಕಾರರು ಕುಣಿಯೊಳಗೆ ಕಾಲು ಇಳಿಬಿಟ್ಟು, ಮೆಟ್ಟುಗಳನ್ನು ತುಳಿಯುತ್ತ, ಕೈಯಿಂದ ಲಾಳಿ ಓಡಿಸುತ್ತ ದಿನವಿಡೀ ಕೂರಬೇಕು. ಅವರ ಕೂಲಿ ಸೀರೆಯ ಲೆಕ್ಕದ್ದು, ಖಣದ ಲೆಕ್ಕದ್ದು, ದಿನದ ಲೆಕ್ಕದ್ದಲ್ಲ. ಬೆರಳು ಬಗ್ಗದ ದಿನ ಅವರ ಮನೆಯಲ್ಲಿ ಗಳಿಕೆಯೂ ಇಲ್ಲ. ಹೆಣ್ಣುಮಕ್ಕಳ ಪಾಡು ಇನ್ನೊಂದು ಬಗೆಯದು. ಜೋಳದ ರೊಟ್ಟಿ ಬಡಿಯಲು ಅಂಗೈ, ಮಣಿಕಟ್ಟು ಎರಡೂ ಗಟ್ಟಿಯಿರಬೇಕು, ತುಂಬಿದ ಕೊಡ ಎತ್ತಲು ಹೆಗಲು ಬೇಕು, ಕಳೆ ತೆಗೆಯಲು ಕುಕ್ಕರಗಾಲಲ್ಲಿ ಗಂಟೆಗಟ್ಟಲೆ ಕೂರಬೇಕು. ವೈದ್ಯರು ನೋವು ಎಷ್ಟಿದೆ ಎಂದು ಕೇಳಿದರೆ ನಮ್ಮ ಹೆಂಗಸರು "ಐತ್ರಿ ಸ್ವಲ್ಪ" ಎಂದು ಮುಗಿಸಿಬಿಡುತ್ತಾರೆ. ರೊಟ್ಟಿ ಬಡಿಯಲು ಬರುತ್ತದೆಯೇ, ಕುಕ್ಕರಗಾಲಲ್ಲಿ ಕೂತು ಏಳಲು ಬರುತ್ತದೆಯೇ, ಕೊಡ ಯಾರು ತರುತ್ತಿದ್ದಾರೆ ಎಂದು ಕೇಳಿದರೆ ನಿಜ ಹೊರಬರುತ್ತದೆ. ಸೇವೆಯಲ್ಲಿದ್ದ ಕಾಲದಲ್ಲಿ ನಾನು ಕಂಡಂತೆ, ಈ ಮೂರು ಪ್ರಶ್ನೆಗಳು ಯಾವ ಅಚ್ಚಾದ ಪ್ರಶ್ನಾವಳಿಗಿಂತಲೂ ನಂಬಲರ್ಹ.

ಕೇಳುವವರಿಲ್ಲದಿದ್ದಾಗ ಈ ರೋಗಿಗಳು ಎಲ್ಲಿಗೆ ಹೋಗುತ್ತಾರೆಂಬುದು ಎಲ್ಲರಿಗೂ ಗೊತ್ತು. ಪರವಾನಗಿಯಿಲ್ಲದ ಚಿಕಿತ್ಸಾಲಯದಲ್ಲಿ ಸೂಜಿ ಮಾಡಿಸಿಕೊಂಡು, ಒಂದು ಸಲಾಯಿನ್ ಹಚ್ಚಿಸಿಕೊಂಡು ಬರುತ್ತಾರೆ. ಆ ಸೂಜಿಯಲ್ಲಿ ಬಹಳ ಸಲ ನೋವು ನಿವಾರಕದ ಜೊತೆ ಸ್ಟಿರಾಯ್ಡ್ ಇರುತ್ತದೆ. ಎರಡು ದಿನ ಮೈ ಹಗುರಾಗುತ್ತದೆ, ಮೂರನೆಯ ದಿನ ನೋವು ಮರಳುತ್ತದೆ, ವಾರಕ್ಕೊಮ್ಮೆ ಮತ್ತೆ ಅದೇ ಸೂಜಿ. ಹೀಗೆ ತಿಂಗಳುಗಟ್ಟಲೆ ತೆಗೆದುಕೊಂಡ ಸ್ಟಿರಾಯ್ಡ್ ರಕ್ತದ ಸಕ್ಕರೆ ಏರಿಸುತ್ತದೆ, ಎಲುಬು ಸವೆಸುತ್ತದೆ, ಸೋಂಕು ತಡೆಯುವ ಶಕ್ತಿಯನ್ನು ಕುಗ್ಗಿಸುತ್ತದೆ. 2021ರ ಬೇಸಿಗೆಯಲ್ಲಿ ಕಪ್ಪು ಶಿಲೀಂಧ್ರ ರೋಗಕ್ಕೆ ಕಣ್ಣು, ದವಡೆ ಕಳೆದುಕೊಂಡವರಲ್ಲಿ ಬಹುಪಾಲು ಜನರಿಗೆ ಹತೋಟಿ ತಪ್ಪಿದ ಸಕ್ಕರೆ ಕಾಯಿಲೆ ಮತ್ತು ಸ್ಟಿರಾಯ್ಡ್ ಬಳಕೆ ಎರಡೂ ಇದ್ದವೆಂಬುದನ್ನು ನಾವು ಇಷ್ಟು ಬೇಗ ಮರೆಯಬಾರದಿತ್ತು. ನೋವಿನ ಗುಳಿಗೆಗಳದ್ದೂ ಹೆಚ್ಚು ಕಡಿಮೆ ಇದೇ ಕಥೆ. ಔಷಧ ಅಂಗಡಿಯಲ್ಲಿ ಚೀಟಿಯಿಲ್ಲದೆ ಸಿಗುವ ಡೈಕ್ಲೋಫೆನಾಕ್‌ನಂಥ ಗುಳಿಗೆಗಳನ್ನು ತಿಂಗಳಾನುಗಟ್ಟಲೆ ನುಂಗಿದರೆ ಹೊಟ್ಟೆಯಲ್ಲಿ ಹುಣ್ಣಾಗುತ್ತದೆ, ಮೂತ್ರಪಿಂಡಕ್ಕೆ ಪೆಟ್ಟು ಬೀಳುತ್ತದೆ; ಬಿಸಿಲಲ್ಲಿ ಬೆವರು ಸುರಿಸಿ ನೀರು ಕಡಿಮೆ ಕುಡಿಯುವ ಕೂಲಿಕಾರರಲ್ಲಿ ಈ ಅಪಾಯ ಇನ್ನೂ ಹೆಚ್ಚು. ಡೆಂಗಿ ಇರಬಹುದೆಂಬ ಸಂಶಯವಿರುವ ಜ್ವರದ ದಿನಗಳಲ್ಲಂತೂ ಇಂಥ ಗುಳಿಗೆ ರಕ್ತಸ್ರಾವಕ್ಕೆ ದಾರಿಯಾಗುವುದರಿಂದ ಪ್ಯಾರಾಸಿಟಮಾಲ್ ಹೊರತು ಬೇರೇನೂ ಕೊಡಬಾರದು. ಮೂರು ತಿಂಗಳು ದಾಟಿಯೂ ಕೀಲು ಬಾತುಕೊಂಡೇ ಇದ್ದರೆ ಆರ್‌.ಎ. ಫ್ಯಾಕ್ಟರ್, ಆ್ಯಂಟಿ-ಸಿಸಿಪಿ ಎಂಬ ರಕ್ತಪರೀಕ್ಷೆಗಳನ್ನು ಮಾಡಿಸಿ ಅದು ನಿಜವಾದ ಸಂಧಿವಾತವೋ ವೈರಾಣು ಬಿಟ್ಟುಹೋದ ಉರಿಯೂತವೋ ಎಂದು ನೋಡಬೇಕು. ಅಗತ್ಯವಿದ್ದವರಿಗೆ ತಜ್ಞರು ರಕ್ತಪರೀಕ್ಷೆಯ ನಿಗಾದಲ್ಲಿ ಮೆಥೊಟ್ರೆಕ್ಸೇಟ್‌ನಂಥ ಔಷಧ ಕೊಡುತ್ತಾರೆ. ಅಂಥ ತಜ್ಞರು ತಾಲ್ಲೂಕು ಆಸ್ಪತ್ರೆಗಳಲ್ಲಿ ಇಲ್ಲ, 400 ಕಿಲೋಮೀಟರಿಗೂ ದೂರದ ಬೆಂಗಳೂರಿಗೆ ನೇಕಾರನೊಬ್ಬ ತಿಂಗಳಿಗೊಮ್ಮೆ ಹೋಗಿ ಬರಲಾರ.

ಕೋವಿಡ್ ವಿಷಯಕ್ಕೆ ಬಂದರೆ, ವಿಶ್ವ ಆರೋಗ್ಯ ಸಂಸ್ಥೆ 2021ರ ಅಕ್ಟೋಬರಿನಲ್ಲೇ ಸೋಂಕಿನ ನಂತರವೂ ಉಳಿಯುವ ತೊಂದರೆಗೆ ಒಂದು ವ್ಯಾಖ್ಯಾನ ಕೊಟ್ಟಿದೆ. ಸೋಂಕು ತಗುಲಿ ಸಾಮಾನ್ಯವಾಗಿ ಮೂರು ತಿಂಗಳಾದ ಮೇಲೂ ಇರುವ, ಕನಿಷ್ಠ ಎರಡು ತಿಂಗಳು ಬಿಡದೆ ಕಾಡಿದ, ಬೇರೆ ಯಾವ ಕಾಯಿಲೆಯಿಂದಲೂ ವಿವರಿಸಲಾಗದ ತೊಂದರೆಗಳನ್ನು ಕೋವಿಡ್ ನಂತರದ ಸ್ಥಿತಿ ಎಂದು ಪರಿಗಣಿಸಬೇಕೆಂಬುದು ಅದರ ಸಾರ. ನಮ್ಮ ಕೇಂದ್ರ ಆರೋಗ್ಯ ಸಚಿವಾಲಯವೂ ಅದೇ ವರ್ಷ ಇಂಥ ರೋಗಿಗಳ ಆರೈಕೆಗೆ ಮಾರ್ಗಸೂಚಿ ಹೊರಡಿಸಿತ್ತು. ಕೋವಿಡ್ ಬಂದವರಲ್ಲಿ ನೂರಕ್ಕೆ ಸುಮಾರು ಆರು ಮಂದಿಗೆ ಈ ಸ್ಥಿತಿ ಉಂಟಾಗುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜಿಸುತ್ತದೆ. ಹೆಂಗಸರಲ್ಲಿ ಹೆಚ್ಚು, ಲಸಿಕೆ ಪಡೆದವರಲ್ಲಿ ಕಡಿಮೆ. ಆಸ್ಪತ್ರೆ ಸೇರಿದವರಿಗೆ ಮಾತ್ರ ಬರುವುದೆಂಬ ತಿಳಿವಳಿಕೆ ತಪ್ಪು. ಮನೆಯಲ್ಲೇ ನಾಲ್ಕು ದಿನ ಮಲಗಿ ಎದ್ದವರಿಗೂ ಬಂದಿದೆ. ಇದಕ್ಕೆ ಕಾರಣವೇನೆಂಬ ಬಗ್ಗೆ ವಿಜ್ಞಾನಿಗಳ ಮುಂದೆ ಹಲವು ವಿವರಣೆಗಳಿವೆ: ವೈರಾಣುವಿನ ತುಣುಕುಗಳು ಅಂಗಾಂಶಗಳಲ್ಲಿ ಉಳಿಯುವುದು, ರೋಗನಿರೋಧಕ ವ್ಯವಸ್ಥೆ ತಣಿಯದೆ ಸ್ವಂತ ದೇಹದ ಮೇಲೇ ತಿರುಗುವುದು, ಎದೆಬಡಿತ ಮತ್ತು ರಕ್ತದೊತ್ತಡವನ್ನು ನಮ್ಮ ಅರಿವಿಗೆ ಬಾರದಂತೆ ನಿಯಂತ್ರಿಸುವ ನರಗಳು ಹದ ತಪ್ಪುವುದು, ರಕ್ತನಾಳಗಳ ಒಳಪದರ ಕೆಡುವುದು. ಒಬ್ಬೊಬ್ಬ ರೋಗಿಯಲ್ಲಿ ಒಂದೊಂದು ಮುಂದಿರಬಹುದು. ಹೌದು ಅಥವಾ ಇಲ್ಲ ಎಂದು ಹೇಳಿಬಿಡುವ ಒಂದೇ ರಕ್ತಪರೀಕ್ಷೆ ಇಲ್ಲದಿರುವುದರಿಂದಲೇ ಇವರಿಗೆ "ನಿಮಗೇನೂ ಆಗಿಲ್ಲ, ಎಲ್ಲಾ ಮನಸ್ಸಿನದು" ಎಂಬ ಉತ್ತರ ಸಿಗುತ್ತದೆ. ರಿಪೋರ್ಟು ಸರಿಯಿದ್ದ ಮಾತ್ರಕ್ಕೆ ಮನುಷ್ಯ ಸರಿಯಿದ್ದಾನೆಂದು ತೀರ್ಮಾನಿಸುವುದು ಸೋಮಾರಿತನವೆಂದೇ ನಾನು ಹೇಳುತ್ತೇನೆ.

ಈ ರೋಗಿಗಳ ದಣಿವು ಕೂಡ ದುಡಿದು ಬಂದವರ ದಣಿವಿನಂತಲ್ಲ. ಒಂದು ದಿನ ಮೈ ಹಗುರೆನಿಸಿತೆಂದು ಹೊಲಕ್ಕೆ ಹೋಗಿ ಅರ್ಧ ದಿನ ಕೆಲಸ ಮಾಡುತ್ತಾರೆ, ಆ ದಿನ ಏನೂ ಆಗುವುದಿಲ್ಲ. ಮರುದಿನವೋ ಮೂರನೆಯ ದಿನವೋ ಏಳಲಾಗದಂತೆ ಬೀಳುತ್ತಾರೆ, ತಲೆ ಮಂಕಾಗುತ್ತದೆ, ನಿದ್ದೆ ಮಾಡಿದರೂ ಆಯಾಸ ಹೋಗುವುದಿಲ್ಲ, ಹೀಗೆ ವಾರಗಟ್ಟಲೆ ಎಳೆಯುತ್ತದೆ. ಶ್ರಮದ ಪೆಟ್ಟು ತಡವಾಗಿ ಬೀಳುವುದರಿಂದ ಅದಕ್ಕೂ ಇದಕ್ಕೂ ಇರುವ ನಂಟು ಮನೆಯವರಿಗೆ ಹೊಳೆಯುವುದೇ ಇಲ್ಲ, ಮೈಗಳ್ಳತನವೆಂದು ತಿಳಿಯುತ್ತಾರೆ. ಇಂಥವರಿಗೆ ದಿನದಿನಕ್ಕೆ ವ್ಯಾಯಾಮ ಏರಿಸುತ್ತ ಹೋಗಿ ಎಂದು ಹೇಳುವುದು ಅಪಾಯಕಾರಿ. ಚಿಕಿತ್ಸೆಗೆ ಮಾರ್ಗಸೂಚಿ ರೂಪಿಸುವ ಬ್ರಿಟನ್ನಿನ ನೈಸ್ ಸಂಸ್ಥೆ 2021ರಲ್ಲಿ ದೀರ್ಘಕಾಲಿಕ ಆಯಾಸದ ಕಾಯಿಲೆಗೆ ಹೊರಡಿಸಿದ ಹೊಸ ಮಾರ್ಗಸೂಚಿಯಲ್ಲಿ, ಹಿಂದೆ ತಾನೇ ಶಿಫಾರಸು ಮಾಡಿದ್ದ ಏರಿಕೆಯ ವ್ಯಾಯಾಮವನ್ನು ಕೈಬಿಟ್ಟಿತು. ಶಕ್ತಿ ತೀರುವ ಮೊದಲೇ ಕೆಲಸ ನಿಲ್ಲಿಸುವುದು, ಕೆಲಸವನ್ನು ತುಂಡು ಮಾಡಿಕೊಂಡು ನಡುನಡುವೆ ವಿಶ್ರಾಂತಿ ಪಡೆಯುವುದು ಇವರಿಗಿರುವ ಮುಖ್ಯ ಉಪಾಯ. ಆದರೆ ಚಿಕೂನ್‌ಗುನ್ಯದಿಂದ ಕೀಲು ಬಿಗಿದವರಿಗೆ ಹೇಳಬೇಕಾದದ್ದು ಬಹುತೇಕ ಇದಕ್ಕೆ ವಿರುದ್ಧ. ಅವರು ಕೀಲುಗಳನ್ನು ಆಡಿಸದೆ ಮಲಗಿಬಿಟ್ಟರೆ ಬಿಗಿತ ಹೆಚ್ಚುತ್ತದೆ, ಸ್ನಾಯು ಸೊರಗುತ್ತದೆ; ಬೆಚ್ಚನೆಯ ನೀರಿನ ಶಾಖದ ನಂತರ ಮೆಲ್ಲಗೆ ಬೆರಳು, ಮಣಿಕಟ್ಟು, ಮೊಣಕಾಲು ಆಡಿಸುತ್ತಿರಬೇಕು. ಇಬ್ಬರೂ ಆಸ್ಪತ್ರೆಗೆ ಬಂದು "ಜ್ವರ ಬಂದ ಮ್ಯಾಲಿಂದ ಮೈಯಾಗ ಕಸುವಿಲ್ರಿ" ಎಂದೇ ಹೇಳುತ್ತಾರೆ. ಇಬ್ಬರಿಗೂ ಟಾನಿಕ್ ಬರೆದು ಕಳಿಸಿದರೆ ಒಬ್ಬರಿಗೂ ಉಪಯೋಗವಿಲ್ಲ. ಯಾವುದು ಯಾವುದೆಂದು ಗುರುತಿಸಲು ಕೂತು ಕೇಳುವ ವ್ಯವಧಾನ ಬೇಕು. ನೂರೈವತ್ತು ಜನ ಸಾಲು ನಿಂತ ಹೊರರೋಗಿ ವಿಭಾಗದಲ್ಲಿ ಅದು ಸಿಗುವುದಿಲ್ಲವಾದ್ದರಿಂದಲೇ ಇದಕ್ಕೆಂದು ಪ್ರತ್ಯೇಕ ಸಮಯ ಇಡಬೇಕೆನ್ನುತ್ತಿದ್ದೇನೆ.

ಗುರುತಿಸುವ ಕೆಲಸಕ್ಕೆ ದೊಡ್ಡ ಯಂತ್ರಗಳೇನೂ ಬೇಕಿಲ್ಲ. ನಿಂತರೆ ಕಣ್ಣು ಕತ್ತಲೆ ಬರುತ್ತದೆ, ಎದೆ ಹೊಡೆದುಕೊಳ್ಳುತ್ತದೆ ಎನ್ನುವವರನ್ನು ಹತ್ತು ನಿಮಿಷ ಮಲಗಿಸಿ ನಾಡಿ, ರಕ್ತದೊತ್ತಡ ನೋಡಿ, ಆಮೇಲೆ ಹತ್ತು ನಿಮಿಷ ನಿಲ್ಲಿಸಿ ನಡುನಡುವೆ ಮತ್ತೆ ನೋಡಿದರೆ ಸಾಕು. ರಕ್ತದೊತ್ತಡ ಇಳಿಯದೆಯೂ ನಾಡಿಬಡಿತ ನಿಮಿಷಕ್ಕೆ 30 ಅಥವಾ ಅದಕ್ಕಿಂತ ಹೆಚ್ಚು ಏರಿ ಹಾಗೆಯೇ ನಿಂತರೆ, ಹದಿಹರೆಯದವರಲ್ಲಾದರೆ 40 ಏರಿದರೆ, ನರಗಳ ನಿಯಂತ್ರಣ ತಪ್ಪಿರುವ ಸೂಚನೆ ಅದು. ರಕ್ತಹೀನತೆಯಾಗಲಿ ನೀರಿನಂಶದ ಕೊರತೆಯಾಗಲಿ ಇಲ್ಲವೆಂದು ಖಚಿತಪಡಿಸಿಕೊಂಡ ಮೇಲೆ ಹೆಚ್ಚು ನೀರು, ವೈದ್ಯರು ಒಪ್ಪಿದರೆ ಸ್ವಲ್ಪ ಹೆಚ್ಚು ಉಪ್ಪು, ನಿಧಾನವಾಗಿ ಏಳುವ ಅಭ್ಯಾಸ ಇವುಗಳಿಂದಲೇ ಎಷ್ಟೋ ಜನ ಸುಧಾರಿಸುತ್ತಾರೆ. ಕೋವಿಡ್ ಕಾಲದಲ್ಲಿ ಆಶಾ ಕಾರ್ಯಕರ್ತೆಯರಿಗೆ ಕೊಟ್ಟ ಪಲ್ಸ್ ಆಕ್ಸಿಮೀಟರುಗಳಲ್ಲಿ ಇನ್ನೂ ನಡೆಯುವಂಥವು ಇದ್ದರೆ ಈ ಪರೀಕ್ಷೆಯಲ್ಲಿ ನಾಡಿ ನೋಡಲು ಅವೇ ಆಗುತ್ತವೆ. ಬ್ಯಾಟರಿ ಮಾತ್ರ ಹಾಕಿಸಬೇಕು.

ಜ್ವರದ ನಂತರ ಬಂದದ್ದೆಲ್ಲ ವೈರಾಣುವಿನದೇ ಎಂದು ಹೇಳುವುದೂ ಅಷ್ಟೇ ತಪ್ಪು. ನಮ್ಮ ಭಾಗದ ಹೆಣ್ಣುಮಕ್ಕಳಲ್ಲಿ ರಕ್ತಹೀನತೆ ಎಷ್ಟು ವ್ಯಾಪಕವೆಂಬುದು ಪ್ರತಿಯೊಬ್ಬ ದಾದಿಗೂ ಗೊತ್ತು. ಆಯಾಸದ ಹಿಂದೆ ಥೈರಾಯ್ಡ್ ಇರಬಹುದು, ಗೊತ್ತಾಗದೆ ಉಳಿದ ಸಕ್ಕರೆ ಕಾಯಿಲೆ ಇರಬಹುದು, ಬಿ-12 ಕೊರತೆ ಇರಬಹುದು. ಎರಡು ವಾರ ಮೀರಿದ ಕೆಮ್ಮಿಗೆ ಕೋವಿಡ್ ಎಂದು ಹೆಸರಿಟ್ಟು ಕಫದ ಪರೀಕ್ಷೆ ಮಾಡಿಸದೆ ಬಿಟ್ಟರೆ ಕ್ಷಯರೋಗಿಯೊಬ್ಬರನ್ನು ಕೈಯಾರೆ ಕಳೆದುಕೊಂಡಂತೆ. ಮೂರನೆಯ ತಿಂಗಳ ಭೇಟಿಯ ಲಾಭ ಇರುವುದೇ ಇಲ್ಲಿ. ವೈರಾಣುವಿನ ಹೆಸರಿನಲ್ಲಿ ಹುಡುಕಲು ಹೊರಟರೂ ಅದರೊಂದಿಗೆ ಚಿಕಿತ್ಸೆಯಿರುವ ಬೇರೆ ಕಾಯಿಲೆಗಳೂ ಸಿಕ್ಕಿಬೀಳುತ್ತವೆ.

ಉಳಿದ ಸೋಂಕುಗಳ ಬಗ್ಗೆ ಚುಟುಕಾಗಿ ಹೇಳುತ್ತೇನೆ. ಡೆಂಗಿಯ ಆಯಾಸ ಹಲವರಲ್ಲಿ ವಾರಗಟ್ಟಲೆ, ಕೆಲವರಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ, ಕೂದಲು ಉದುರುವುದೂ ಉಂಟು. ಚಿಕ್ಕಂದಿನಲ್ಲಿ ಬಂದ ಚಿಕನ್‌ಪಾಕ್ಸ್‌ನ ವೈರಾಣು ನರದ ಬುಡದಲ್ಲಿ ದಶಕಗಳ ಕಾಲ ಮಲಗಿದ್ದು ಮುಪ್ಪಿನಲ್ಲಿ ಸರ್ಪಸುತ್ತಾಗಿ ಏಳುತ್ತದೆ, ಗುಳ್ಳೆ ಒಣಗಿದ ಮೇಲೂ ಉರಿಯುವ ನೋವು ತಿಂಗಳುಗಟ್ಟಲೆ ಉಳಿಯಬಹುದು. ಗುಳ್ಳೆ ಕಂಡ ಮೂರು ದಿನಗಳೊಳಗೆ ವೈರಾಣು ನಿರೋಧಕ ಗುಳಿಗೆ ಆರಂಭಿಸಬೇಕಾದ್ದರಿಂದ, ಮಂತ್ರ ಹಾಕಿಸಲು, ಕೆಮ್ಮಣ್ಣು ಬರೆಸಲು ಕಳೆಯುವ ದಿನಗಳು ನಿಜಕ್ಕೂ ದುಬಾರಿ. ಹೆಪಟೈಟಿಸ್ ಬಿ ಮತ್ತು ಸಿ ಸದ್ದಿಲ್ಲದೆ ಯಕೃತ್ತನ್ನು ಕೆಡಿಸುತ್ತ ಹೋಗುತ್ತವೆ. ಎಳವೆಯಲ್ಲಿ ದಡಾರ ಬಂದ ಮಕ್ಕಳಲ್ಲಿ ಅಪರೂಪಕ್ಕೆ ಏಳರಿಂದ ಹತ್ತು ವರ್ಷಗಳ ನಂತರ ಮಿದುಳನ್ನು ಕೆಡಿಸುವ ಎಸ್‌ಎಸ್‌ಪಿಇ ಎಂಬ ರೋಗ ಕಾಣಿಸಿಕೊಳ್ಳುತ್ತದೆ. ಅದಕ್ಕೆ ಮದ್ದಿಲ್ಲ, ದಡಾರದ ಲಸಿಕೆಯೊಂದೇ ತಡೆ. ದೇಶದಲ್ಲಿ ಸಹಜವಾಗಿ ಹರಡುವ ಪೋಲಿಯೊ ವೈರಾಣುವಿನ ಕೊನೆಯ ಪ್ರಕರಣ ಕಂಡದ್ದು 2011ರ ಜನವರಿಯಲ್ಲಿ. ಆದರೆ ಎಳವೆಯಲ್ಲಿ ಪೋಲಿಯೊ ಬಂದು ಈಗ ಐವತ್ತು ದಾಟಿದವರಲ್ಲಿ ಕೆಲವರಿಗೆ ಸ್ನಾಯುಗಳ ಹೊಸ ದೌರ್ಬಲ್ಯ ಶುರುವಾಗುತ್ತದೆಂಬುದು ಅಂಗವಿಕಲರ ಗುರುತಿನ ಚೀಟಿ ಕೊಡುವವರಿಗಾದರೂ ತಿಳಿದಿರಬೇಕು.

ದುಡಿಮೆಯ ಪ್ರಶ್ನೆಯನ್ನೂ ಬಿಡುವಂತಿಲ್ಲ. ಇಎಸ್ಐ (ನೌಕರರ ರಾಜ್ಯ ವಿಮೆ) ಸೌಲಭ್ಯವಿರುವ ಕಾರ್ಖಾನೆ ನೌಕರರಿಗೆ ಕಾಯಿಲೆಯ ರಜೆಯಲ್ಲಿ ಸಂಬಳದ ಶೇ 70ರಷ್ಟು ಹಣ ಸಿಗುವುದು ವರ್ಷಕ್ಕೆ ಹೆಚ್ಚೆಂದರೆ 91 ದಿನ. ಅದಕ್ಕೂ ಮೀರಿ ಎರಡು ವರ್ಷಗಳವರೆಗೆ ನೆರವು ಕೊಡುವ 34 ಕಾಯಿಲೆಗಳ ಪಟ್ಟಿಯೊಂದಿದೆ. ಕ್ಷಯ, ಕುಷ್ಠ, ಕ್ಯಾನ್ಸರ್‌ಗಳಿರುವ ಆ ಪಟ್ಟಿಯಲ್ಲಿ ಸೋಂಕಿನ ನಂತರದ ಈ ತೊಂದರೆಗಳಿಗೆ ಹೆಸರಿಲ್ಲ. ಅಂದರೆ ಮೂರು ತಿಂಗಳು ತುಂಬಿ ಕಾಯಿಲೆಗೆ ವೈದ್ಯರು ಹೆಸರು ಕೊಡುವ ಹೊತ್ತಿಗೆ ನೆರವಿನ ದಿನಗಳು ಮುಗಿದಿರುತ್ತವೆ. ಇಷ್ಟಾದರೂ ಅವರು ಅದೃಷ್ಟವಂತರು. ನಮ್ಮ ಎರಡೂ ಜಿಲ್ಲೆಗಳಲ್ಲಿ ಮಗ್ಗದವರು, ಕಬ್ಬು ಕಡಿಯುವವರು, ತಿಕೋಟಾ ಭಾಗದ ದ್ರಾಕ್ಷಿ ತೋಟಗಳಲ್ಲಿ ಚಾಟಣಿ (ಬಳ್ಳಿ ಸವರುವ ಕೆಲಸ) ಮಾಡುವವರು, ಒಣದ್ರಾಕ್ಷಿ ಶೆಡ್ಡುಗಳಲ್ಲಿ ಆರಿಸುವವರು, ಇವರಲ್ಲಿ ಹೆಚ್ಚಿನವರಿಗೆ ಆ 91 ದಿನಗಳೂ ಇಲ್ಲ. ಮುಂಗಡ ಪಡೆದು ಕಬ್ಬು ಕಡಿಯುವ ಟೋಳಿ (ಗುಂಪು) ಸೇರಿದವರು ಕಾಯಿಲೆ ಬಿದ್ದರೆ ಕೂಲಿ ನಿಲ್ಲುವುದಷ್ಟೇ ಅಲ್ಲದೆ ಸಾಲ ಮುಂದಿನ ಹಂಗಾಮಿಗೆ ಏರುತ್ತದೆ.

ಹಾಗಾದರೆ ಏನು ಮಾಡಬಹುದು? ರಾಜ್ಯ ಸರ್ಕಾರ 2024ರ ಸೆಪ್ಟೆಂಬರಿನಲ್ಲಿ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಅಧಿಸೂಚಿಸಿ, ಮನೆಯ ಆವರಣದಲ್ಲಿ ಸೊಳ್ಳೆ ಬೆಳೆಯಲು ಬಿಟ್ಟವರಿಗೆ ದಂಡ ಹಾಕಲು ಅವಕಾಶ ಮಾಡಿಕೊಂಡಿತು. ನಳದ ನೀರು ದಿನ ಬಿಟ್ಟು ದಿನ, ಕೆಲವು ಊರಿಗೆ ವಾರಕ್ಕೊಮ್ಮೆ ಬರುವಾಗ ಬ್ಯಾರೆಲ್ಲು, ಸಿಮೆಂಟ್ ತೊಟ್ಟಿ ತುಂಬಿಟ್ಟುಕೊಳ್ಳದೆ ಜನ ಬದುಕುವುದು ಹೇಗೆಂಬ ಪ್ರಶ್ನೆಯನ್ನು ಬೇರೆ ಪತ್ರಕ್ಕೆ ಇಟ್ಟುಕೊಳ್ಳುತ್ತೇನೆ. ನನ್ನ ಬೇಡಿಕೆ ಚಿಕ್ಕದು. ಜ್ವರ ಖಚಿತವಾದವರ ಹೆಸರು, ವಿಳಾಸ, ಫೋನ್ ನಂಬರುಗಳ ಲೈನ್ ಲಿಸ್ಟ್ ಪ್ರತಿಯೊಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೂ ಈಗಾಗಲೇ ಇದೆ. ಅದಕ್ಕೆ ಕೊನೆಯಲ್ಲಿ ಒಂದು ಕಲಮು ಸೇರಿಸಿ, ಮೂರು ತಿಂಗಳು ತುಂಬಿದ ವಾರ ಆಶಾ ಕಾರ್ಯಕರ್ತೆ ಆ ಮನೆಗೆ ಹೋಗಿ ಮೊದಲಿನಂತೆ ಕೆಲಸಕ್ಕೆ ಹೋಗುತ್ತಿದ್ದೀರಾ, ಕೀಲು ನೋವಿದೆಯೇ, ಸ್ವಲ್ಪ ಕೆಲಸ ಮಾಡಿದರೂ ಮರುದಿನ ಬೀಳುತ್ತೀರಾ, ಯಾವ ಸೂಜಿ ಗುಳಿಗೆ ತೆಗೆದುಕೊಳ್ಳುತ್ತಿದ್ದೀರಿ ಎಂದು ಕೇಳಿ ಬರೆದುಕೊಂಡರಾಯಿತು. ತೊಂದರೆ ಇದೆ ಎಂದವರನ್ನು ಸಮುದಾಯ ಆರೋಗ್ಯ ಅಧಿಕಾರಿ ಪರೀಕ್ಷಿಸಿ, ಅಗತ್ಯವಿದ್ದವರನ್ನು ತಾಲ್ಲೂಕು ಆಸ್ಪತ್ರೆಯಲ್ಲಿ ವಾರಕ್ಕೊಂದು ಮಧ್ಯಾಹ್ನ ಇದಕ್ಕೆಂದೇ ಕೂರುವ ವೈದ್ಯರಲ್ಲಿಗೆ ಕಳಿಸಲಿ. ಕೀಲುರೋಗ ತಜ್ಞರ ಸಲಹೆ ಸರ್ಕಾರದ ದೂರವೈದ್ಯ ಸೇವೆಯಾದ ಇ-ಸಂಜೀವಿನಿ ಮೂಲಕ ಪರದೆಯ ಮೇಲೇ ಸಿಗುವಂತೆ ದಿನ ಗೊತ್ತುಮಾಡಲಿ. ಆ ವೈದ್ಯರು ಕೊಡುವ ಚೀಟಿಯಲ್ಲಿ ಕಾಯಿಲೆಯ ಹೆಸರು ಸ್ಪಷ್ಟವಾಗಿದ್ದರೆ ಕೆಲಸದ ಜಾಗದಲ್ಲಿ, ಕಾಲೇಜಿನ ಹಾಜರಾತಿಯ ತಕರಾರಿನಲ್ಲಿ ಅದು ಉಪಯೋಗಕ್ಕೆ ಬರುತ್ತದೆ.

ಆಶಾ ಕಾರ್ಯಕರ್ತೆಯರ ತಲೆಯ ಮೇಲೆ ಇನ್ನೊಂದು ಹೊರೆಯೇ ಎಂಬ ಆಕ್ಷೇಪ ಬಂದೇ ಬರುತ್ತದೆ, ಬರಬೇಕು ಕೂಡ. ಗೌರವಧನಕ್ಕಾಗಿ 2025ರ ಜನವರಿಯ ಚಳಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಧರಣಿ ಕೂತವರು ಅವರು. ಆದ್ದರಿಂದ ಈ ಭೇಟಿಗೆ ಪ್ರತ್ಯೇಕ ಪ್ರೋತ್ಸಾಹಧನ ನಿಗದಿಯಾಗದೆ ಕೆಲಸ ಹಚ್ಚಬಾರದೆಂದು ನಾನೂ ಹೇಳುತ್ತೇನೆ. ದುಡ್ಡಿಲ್ಲದೆ ಹಚ್ಚಿದರೆ ಕಲಮು ತುಂಬುತ್ತದೆ, ಭೇಟಿ ಆಗಿರುವುದಿಲ್ಲ. ಇಲಾಖೆಯೊಳಗಿದ್ದು ಕಂಡವನ ಮಾತಿದು. ಖಚಿತ ಪ್ರಕರಣಗಳಿಗಷ್ಟೇ ಇದನ್ನು ಸೀಮಿತಗೊಳಿಸಿದರೆ ಒಬ್ಬೊಬ್ಬ ಕಾರ್ಯಕರ್ತೆಯ ಪಾಲಿಗೆ ಬರುವ ಮನೆಗಳು ಬೆರಳೆಣಿಕೆಯಷ್ಟೇ ಇರುತ್ತವೆ.

ಹೀಗೆ ಕೂಡಿಬಂದ ಮಾಹಿತಿಯನ್ನು ವಿಶ್ಲೇಷಿಸಲು ನಾವು ದೂರ ಹೋಗಬೇಕಿಲ್ಲ. ಬೆಳಗಾವಿಯಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜಿದೆ, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಗೆ ಸೇರಿದ ಸಂಶೋಧನಾ ಸಂಸ್ಥೆಯೂ ಇದೆ. ಬಾಗಲಕೋಟೆ, ವಿಜಯಪುರಗಳಲ್ಲಿ ವೈದ್ಯಕೀಯ ಕಾಲೇಜುಗಳಿವೆ. ಪ್ರತಿ ವರ್ಷ ಇಲ್ಲಿಯ ಸಮುದಾಯ ವೈದ್ಯಶಾಸ್ತ್ರ ವಿಭಾಗಗಳ ಸ್ನಾತಕೋತ್ತರ ವಿದ್ಯಾರ್ಥಿಗಳು ಪ್ರಬಂಧಕ್ಕೆ ವಿಷಯ ಹುಡುಕುತ್ತಿರುತ್ತಾರೆ. ಒಂದು ತಾಲ್ಲೂಕಿನ ಜ್ವರಪೀಡಿತರನ್ನು ಒಂದು ವರ್ಷ ಬೆಂಬತ್ತಿ, ಎಷ್ಟು ಜನ ಮಗ್ಗಕ್ಕೆ ಮರಳಿದರು, ಎಷ್ಟು ಜನ ಮರಳಲಿಲ್ಲ, ಸೂಜಿಗೆಷ್ಟು ಖರ್ಚಾಯಿತು ಎಂದು ಬರೆದರೆ ಅದಕ್ಕಿಂತ ಉಪಯುಕ್ತವಾದ ಪ್ರಬಂಧ ನನಗೆ ತೋಚುವುದಿಲ್ಲ.

ಆದೇಶ ಹೊರಡಿಸುವುದಿದ್ದರೆ ಒಂದು ಮಾತನ್ನು ಲಕ್ಷ್ಯದಲ್ಲಿಟ್ಟುಕೊಳ್ಳಬೇಕು. ಆಗಸ್ಟಿನಲ್ಲಿ ಜ್ವರ ಬಂದವರಿಗೆ ಮೂರು ತಿಂಗಳು ತುಂಬುವುದು ನವೆಂಬರಿನಲ್ಲಿ. ಕಬ್ಬಿನ ಕಾರ್ಖಾನೆಗಳು ಹಂಗಾಮು ಆರಂಭಿಸಿ, ವಿಜಯಪುರ ಜಿಲ್ಲೆಯ ತಾಂಡಾಗಳಿಂದ ಟೋಳಿಗಳು ಕಟಾವಿಗೆ ಊರು ಬಿಡುವುದೂ ಹೆಚ್ಚುಕಡಿಮೆ ಅದೇ ಹೊತ್ತಿಗೆ. ಆಮೇಲೆ ಆಶಾ ಕಾರ್ಯಕರ್ತೆ ಹೋದರೆ ಮನೆಗೆ ಬೀಗ ಇರುತ್ತದೆ, ಇಲ್ಲವೆ ಮುದುಕರು ಮಾತ್ರ ಇರುತ್ತಾರೆ. ಆದ್ದರಿಂದ ಹೊಸ ಕಲಮಿನ ನಮೂನೆ ಅಕ್ಟೋಬರ್ ಮೊದಲ ವಾರದೊಳಗೆ ಪ್ರಾಥಮಿಕ ಆರೋಗ್ಯ ಕೇಂದ್ರಗಳನ್ನು ಮುಟ್ಟಬೇಕು, ಊರು ಬಿಡುವ ಮನೆಗಳ ಭೇಟಿ ಮೊದಲು ಮುಗಿಯಬೇಕು, ಹೋಗುವವರ ಕೈಗೆ ಯಾವ ಗುಳಿಗೆ ಎಷ್ಟು ದಿನ ಎಂದು ದೊಡ್ಡ ಅಕ್ಷರದಲ್ಲಿ ಬರೆದ ಚೀಟಿ ಕೊಡಬೇಕು.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಹಿರಿಯ ಆರೋಗ್ಯ ಸಹಾಯಕ,
ಗುಳೇದಗುಡ್ಡ, ಬಾಗಲಕೋಟೆ ಜಿಲ್ಲೆ